ಸಾಯಣ್ಣನ ಸಾಗನಂಪು

ಬಾಜಾದವನ ಹೆಂಡತಿಗೆ ಗಂಡನ ಬಾಜಾ ಕೇಳಲು ಸಿಗುವುದು ಕಡಿಮೆ. ಅವನು ಊದುವುದು ಬೇರೆಯವರ ಮದುವೆಯಲ್ಲಿ, ಬೇರೆಯವರ ಬೀದಿಯಲ್ಲಿ. ತನ್ನ ಹೊಸ್ತಿಲ ಮುಂದೆ ತಾನೇ ಊದುವಂತೆಯೂ ಇಲ್ಲ. ಊದಿದರೆ ಆ ಮನೆಯಿಂದಲೇ ಯಾರೋ ಹೊರಡುತ್ತಾರೆ ಎಂಬ ಅಂಜಿಕೆ ಮಕ್ತಲಿನ ಬಾಜಾದವರಲ್ಲಿ ಮೊದಲಿನಿಂದಲೂ ಇದೆ. ಅದಕ್ಕೇ ಸಾಯಣ್ಣ ತನ್ನ ಹಿತ್ತಾಳೆಯ ತುತ್ತೂರಿ ಕಾರ್ನೆಟ್ಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನಸುಕಿನಲ್ಲೇ ಕೆರೆಯ ಏರಿಗೆ ಹೋಗಿ ಅಭ್ಯಾಸ ಮಾಡುತ್ತಿದ್ದ. ಅವನ ಹೆಂಡತಿ ತಿರುಪತಮ್ಮ ಅಂಗಳ ಗುಡಿಸುತ್ತ, ಆಮೇಲೆ ನಾರಾಯಣಪೇಟೆ ಸೀರೆಯ ಮಗ್ಗದವರಿಗೆ ನೂಲು ಸುತ್ತಿಕೊಡುವ ರಾಟೆಯ ಮುಂದೆ ಕೂತು, ಅಲ್ಲಿಂದ ತೇಲಿ ಬಂದಷ್ಟನ್ನು ಕೇಳುತ್ತಿದ್ದಳು. ಗಾಳಿ ಈ ಕಡೆಗಿದ್ದ ದಿನ ಹಾಡು ಬರುತ್ತಿತ್ತು. ಇಲ್ಲದ ದಿನ ಬರೀ ಉದ್ದನೆಯ ಒಂದು ಸ್ವರ. ಇಡೀ ಸಂಸಾರದಲ್ಲಿ ಅವಳ ಪಾಲಿಗೆ ಬಂದ ಬಾಜಾ ಅಷ್ಟೇ.

ಆ ಹಾಡುಗಳಲ್ಲಿ ಅವಳು ಚೆನ್ನಾಗಿ ಗುರುತು ಹಿಡಿಯುತ್ತಿದ್ದದ್ದು ಸಾಗನಂಪು. ಸಾಗಕಳಿಸುವುದಕ್ಕೆ ಆ ಊರಿನ ಕನ್ನಡದವರೂ ಈ ತೆಲುಗು ಮಾತನ್ನೇ ಹೇಳುತ್ತಾರೆ. ಮದುಮಗಳು ತವರು ಬಿಟ್ಟು ಹೊರಡುವಾಗ ಊದುವುದೂ ಅದನ್ನೇ, ಹೆಣ ಮನೆ ಬಿಟ್ಟು ಹೊರಡುವಾಗ ಊದುವುದೂ ಅದನ್ನೇ. ಸಾವಿನಲ್ಲಿ ಡೋಲಿನ ಮೇಲೆ ಒಂದು ಬಟ್ಟೆ ಹಾಕಿರುತ್ತಾರೆ, ಅಷ್ಟೇ ವ್ಯತ್ಯಾಸ. "ಎರಡರಾಗೂ ಅಳೋರು ಹೆಣ್ಮಕ್ಕಳೇ. ಎರಡು ಹಾಡು ಯಾಕ ಬೇಕು?" ಎಂದು ಸಾಯಣ್ಣ ನಗುತ್ತಿದ್ದ. ಊರಿನಲ್ಲಿ ಅವನ ಸಾಗನಂಪು ಇಲ್ಲದೆ ಹೋದ ಹೆಣ್ಣೂ ಕಡಿಮೆ, ಹೆಣವೂ ಕಡಿಮೆ.

ಮಾರ್ಗಶಿರದ ಒಂದು ಬೆಳಿಗ್ಗೆ ಅವನ ಎದೆ ಹಿಡಿಯಿತು. ರಾಯಚೂರಿಗೆ ಒಯ್ಯುವ ಆಟೋ ಬಾಗಿಲಿಗೆ ಬರುವುದರೊಳಗೆ ಎಲ್ಲ ಮುಗಿದಿತ್ತು. ಅಂದು ದೊಡ್ಡ ಮುಹೂರ್ತದ ದಿನ. ಅವನದೇ ಬ್ಯಾಂಡು ಗದ್ವಾಲದ ಒಂದು ಮದುವೆಗೆ ಹೋಗಿತ್ತು. ಮೈ ಸರಿಯಿಲ್ಲವೆಂದು ಅವನು ಮನೆಯಲ್ಲೇ ಉಳಿದಿದ್ದ. ಟ್ರಂಪೆಟ್ ಊದುವ ಸುರೇಂದರ್ ಮುಂದಾಳಾಗಿ ಹೋಗಿದ್ದ. ಮಗಳು ರಾಧಿಕಾ ಅಳುತ್ತಲೇ ಸುರೇಂದರನಿಗೆ ಹೇಳಲು ಫೋನು ತೆಗೆದಳು. ತಿರುಪತಮ್ಮ ಅವಳ ಕೈ ಹಿಡಿದಳು.

"ಈಗ ಬ್ಯಾಡವ್ವ. ಹುಡುಗಿ ಹೊರಡೋತನಕ ಬಾಜಾ ಬಿಟ್ಟು ಬರಬಾರದು ಅಂತ ನಿಮ್ಮಪ್ಪನ ಮಾತು. ನಮ್ಮ ಬ್ಯಾಂಡಿನವರಿಗೆ ಗೊತ್ತಾದ್ರ ಎಲ್ಲಾ ಬಿಟ್ಟು ಓಡಿ ಬರ್ತಾರ. ಆ ಹುಡುಗಿ ಮನಿ ಮದುವಿ ಮೂಗಾಗ್ತೈತಿ."

ಬೇರೆ ಬ್ಯಾಂಡುಗಳನ್ನು ಕೇಳಿ ನೋಡಿದರು. ಮುಹೂರ್ತದ ದಿನ ಯಾವುದು ಮನೆಯಲ್ಲಿರುತ್ತದೆ? ಓಣಿಯ ಒಬ್ಬ ಯುವಕ ಡಿಜೆ ಡಬ್ಬಿ ತರಿಸುತ್ತೇನೆ, ಅದರಲ್ಲೂ ಆ ಹಾಡು ಸಿಗುತ್ತದೆ ಎಂದ. ತಿರುಪತಮ್ಮ ಅವನನ್ನು ನೋಡಿದ ರೀತಿಗೆ ಅವನು ಹಿಂದೆ ಸರಿದ. ಹೀಗೆ ಊರನ್ನೆಲ್ಲ ಸಾಗಕಳಿಸಿದ ಮನುಷ್ಯ ಸದ್ದಿಲ್ಲದೆ ಹೋದ. ಸುರೇಂದರ್ ಗದ್ವಾಲದಲ್ಲಿ ಯಾರದೋ ಮಗಳಿಗೆ ಸಾಗನಂಪು ಊದುವ ಹೊತ್ತಿಗೆ ಇಲ್ಲಿ ಸಾಯಣ್ಣನ ಮೇಲೆ ಮಣ್ಣು ಬಿದ್ದಿತ್ತು.

ಗಟ್ಟಿ ಹೆಂಗಸು ಎಂದು ಜನ ಹೊಗಳಿದರು. ಹೊಗಳಿಕೆ ಕೇಳಿದ ಮೇಲೆ ಅತ್ತು ತೋರಿಸುವುದು ಕಷ್ಟ. ಅವಳು ರಾಟೆ ತಿರುಗಿಸುತ್ತ ಒಂದೇ ಒಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು: ಈ ಬಾಗಿಲ ಮುಂದೆ ಒಂದು ಸಲ ಅವನ ಸಾಗನಂಪು ಆಗಬೇಕು. ಅದು ಆಗುವವರೆಗೆ ಅವನು ಹೊರಟಂತೆ ಅವಳಿಗೆ ಅನಿಸುತ್ತಿರಲಿಲ್ಲ.

ಕೇಳಿದ್ದರೆ ಸುರೇಂದರ್ ಅದೇ ದಿನ ಬಂದು ಊದುತ್ತಿದ್ದ. ಆದರೆ ಬಾಜಾದವರನ್ನು ಬಾಯಿಮಾತಿನಲ್ಲಿ ಕೇಳುವಂತಿಲ್ಲ; ಎಲೆ ಅಡಿಕೆ ಕೈಗಿಟ್ಟು ಕೇಳಬೇಕು. ಮನೆಯವರಾದರೂ ಅಷ್ಟೇ. ಹೊಸದಾಗಿ ಗಂಡನನ್ನು ಕಳೆದುಕೊಂಡವಳು ಯಾರ ಕೈಗೂ ಎಲೆ ಅಡಿಕೆ ಇಡುವುದಿಲ್ಲ. ಮಗಳಿಂದ ಇಡಿಸೋಣವೆಂದರೆ, ಕನ್ನೆ ಹುಡುಗಿ ಬಾಜಾದವರಿಗೆ ವೀಳ್ಯ ಕೊಟ್ಟರೆ ಅದು ಅವಳ ಮದುವೆಯ ಮಾತಾಗುತ್ತದೆ. ತಿರುಪತಮ್ಮ ಎಲ್ಲ ಕಡೆಯಿಂದಲೂ ಯೋಚಿಸಿ ನೋಡಿದಳು. ಕೊನೆಗೆ ಕೇಳುವ ಅಗತ್ಯವೇ ಇಲ್ಲ ಎಂದು ಸಮಾಧಾನವಾಯಿತು. ಪುಷ್ಯದಲ್ಲಿ ಬೀದಿ ಬಾಜಾ ಇತ್ತು, ಮತ್ತು ಈ ವರ್ಷ ಅವರ ಬೀದಿಯ ಸರದಿ.

ಬೀದಿ ಬಾಜಾ ಊರವರೇ ಕೂಡಿ ಮಾಡುವ ಹಬ್ಬ. ಸರ್ಕಾರಿ ಶಾಲೆಯ ಕಾವ್ಯಾ ಟೀಚರು ಕೆಲವು ವರ್ಷಗಳ ಹಿಂದೆ ಶುರು ಮಾಡಿದ್ದರು. ಅದಕ್ಕೆ ಅಧ್ಯಕ್ಷರಿಲ್ಲ, ವೇದಿಕೆಯಿಲ್ಲ, ಮೈಕಿಲ್ಲ. ಪುಷ್ಯದಲ್ಲಿ ಮದುವೆಗಳಿರುವುದಿಲ್ಲ, ಬಾಜಾದವರು ಖಾಲಿ ಕೂತಿರುತ್ತಾರೆ. ಆ ತಿಂಗಳಲ್ಲಿ ಒಂದು ಭಾನುವಾರ ನಾರಾಯಣಪೇಟೆ, ಗದ್ವಾಲ, ಮಾಗನೂರಿನ ಬ್ಯಾಂಡುಗಳು ಬಸ್ಸು ಹತ್ತಿ ಬರುತ್ತವೆ. ಊದುತ್ತ, ಆ ವರ್ಷ ಸರದಿ ಬಂದ ಬೀದಿಗಳಲ್ಲೆಲ್ಲ ತಿರುಗುತ್ತಾರೆ. ಹಿಂದೆ ಒಂದು ಕೈಗಾಡಿ. ಊರವರು ದಾರಿಯಲ್ಲಿ ಬಿದ್ದ ಪ್ಲಾಸ್ಟಿಕ್ಕನ್ನೆಲ್ಲ ಆರಿಸಿ ಅದಕ್ಕೆ ತುಂಬುತ್ತಾರೆ. ಒಂದೊಂದು ಬೀದಿಯ ತುದಿಯಲ್ಲೂ ನಿಂತು, ಆ ಬೀದಿಗೆ ವಿದಾಯ ಹೇಳುವಂತೆ ಸಾಗನಂಪು ಊದುತ್ತಾರೆ. ಕೊನೆಗೆ ಕೆರೆಯ ಹತ್ತಿರ ಹೋಗಿ ಏರಿಯ ಜಾಲಿ ಕಡಿದು, ನೀರಿನಲ್ಲಿ ಬಿದ್ದದ್ದನ್ನು ಎತ್ತಿ, ಊಟ ಮಾಡುತ್ತಾರೆ.

ಊಟದಲ್ಲಿ ಒಂದು ನಿಯಮ. ಮದುವೆಗಳಲ್ಲಿ ಬಾಜಾದವರಿಗೆ ಕೊನೆಯ ಪಂಕ್ತಿ, ಅದೂ ಚಪ್ಪರದ ಹೊರಗೆ. ಇಲ್ಲಿ ಅವರಿಗೇ ಮೊದಲ ಪಂಕ್ತಿ, ಬಡಿಸುವವರು ಊರವರು. ಮೊದಲ ವರ್ಷ ಈ ನಿಯಮ ಕೇಳಿ ಕೆಲವು ಮನೆಯವರಿಗೆ ಅದೇ ಭಾನುವಾರ ಬೇರೆ ಊರಿನಲ್ಲಿ ಕೆಲಸ ಬಂದಿತ್ತು. ಟೆಂಟ್ ಹೌಸಿನ ಕರಿಬಸಯ್ಯ ಮತ್ತು ಅವನ ಹೆಂಡತಿ ಗುರಮ್ಮ ಮಾತ್ರ ತಮ್ಮ ಸ್ಟೀಲ್ ಲೋಟ, ಜಮಖಾನೆಗಳನ್ನೆಲ್ಲ ಗಾಡಿಗೆ ಹೇರಿಕೊಂಡು ಬಂದು, ತಾವೇ ನಿಂತು ಬಡಿಸಿದ್ದರು. ಶಾಮಿಯಾನದವರೂ ಬಾಜಾದವರೂ ಒಂದೇ ಮನೆಗಳಲ್ಲಿ ದುಡಿಯುವವರು. ಯಾರ ಮನೆಯಲ್ಲಿ ಯಾರನ್ನು ಎಲ್ಲಿ ಕೂರಿಸುತ್ತಾರೆ ಎಂಬುದನ್ನು ಅವರಿಬ್ಬರೂ ಬಹಳ ಕಾಲದಿಂದ ನೋಡಿದ್ದರು.

ಹೆಣ್ಣುಮಕ್ಕಳಿಗೂ ಬಾಜಾ ಕಲಿಸಬೇಕೆಂದು ಟೀಚರು ಹಟ ಹಿಡಿದಾಗ ಶಾಲೆಯ ಪಡಸಾಲೆಯಲ್ಲಿ ಕಲಿಸಿದವನು ಸಾಯಣ್ಣ. ಮೊದಲು ಕಲಿತವಳು ಅವನ ಮಗಳೇ. ಅವಳಿಗೆ ಮೆರವಣಿಗೆಯ ಹಾಡುಗಳು ಬರುತ್ತಿದ್ದವು. ಸಾಗನಂಪು ಮಾತ್ರ ಅವನು ಕಲಿಸಿರಲಿಲ್ಲ. "ಅದನ್ನ ಎಳೇ ಬಾಯಿಗೆ ಕೊಡಬಾರದು. ಮುಂದ ನೋಡೋಣ" ಎಂದಿದ್ದ.

ಹಬ್ಬಕ್ಕೆ ಮೊದಲು ಒಂದು ಮಧ್ಯಾಹ್ನ ಗುರಮ್ಮ ತಿರುಪತಮ್ಮನ ಮನೆಗೆ ಬಂದಳು. ರಾಧಿಕಾ ಪಡಸಾಲೆಯಲ್ಲಿ ಕೂತು ಅಪ್ಪನ ಕಾರ್ನೆಟ್ಟನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ತಿರುಪತಮ್ಮ ರಾಟೆಯ ಮುಂದಿದ್ದಳು.

"ಈ ಸಲ ನಮ್ಮ ಬೀದಿ ಅಲ್ಲೇನಕ್ಕ?" ಎಂದು ಅವಳು ಕೇಳಿದಳು.

"ನಿಮ್ದ ಐತಿ. ಮುಂಜಾನಿ ನೆರಳು ಇರೋವಾಗ್ಲೇ ಬರ್ತಾರ. ರಾಧಿಕಾ ಅವರಪ್ಪನ ಜಾಗದಾಗ ನಿಲ್ತಾಳ."

"ಬೀದಿ ಪೂರಾ ಬರ್ತಾರಲ್ಲ? ಈ ತುದಿತನಕ?"

"ತುದಿತನಕ ಬರದ ಎಲ್ಲಿಗೆ ಹೋಗ್ತಾರ, ಗೋಡಿ ಹಾರಿ ಹೋಗ್ತಾರೇನು?"

ತಿರುಪತಮ್ಮ ನಕ್ಕಳು. ಗಂಡ ಹೋದ ಮೇಲೆ ಅವಳು ನಕ್ಕದ್ದನ್ನು ರಾಧಿಕಾ ಅದೇ ಮೊದಲು ನೋಡಿದಳು. ಅವರ ಮನೆ ಬೀದಿಯ ಕೊನೆಯ ಮನೆ. ಬೀದಿಯ ಸಾಗನಂಪು ಆಗಬೇಕಾದದ್ದು ಸರಿಯಾಗಿ ಆ ಬಾಗಿಲ ಮುಂದೆ.

ಅಷ್ಟರಲ್ಲಿ ಎದುರು ಮನೆಯ ಬುಚ್ಚಮ್ಮ ಬಂದಳು. ಅವಳ ಮಗಳು ಬಾಣಂತನಕ್ಕೆ ಬಂದಿದ್ದಳು.

"ಗುರಮ್ಮಕ್ಕ, ನಮ್ಮ ಕೂಸಿನ ತೊಟ್ಲೂ ಅವತ್ತೇ ಸಂಜೀಗೆ ಇಟ್ಟೀವಿ. ಕುರ್ಚಿ ಹೇಳ್ತೀವಿ ನಿಮ್ಮ ಮನಿ ಅಯ್ಯನೋರಿಗೆ. ಮುಂಜಾನಿ ಬಾಜಾ ಅಂತೂ ಪುಕ್ಕಟ ಆತು ನಮಗ."

"ಪುಕ್ಕಟ ಏನಿಲ್ಲ ಬುಚ್ಚಮ್ಮ. ಆ ದಿನ ನಿಮ್ಮ ಮನಿ ಮುಂದಿನ ಗಟಾರದಾಗಿನ ಕವರ್ ಎಲ್ಲಾ ನೀನ ಆರಿಸಬೇಕು."

"ಅಯ್ಯ, ಅದು ನಮ್ದಲ್ಲ! ಗಾಳಿಗೆ ಬಂದು ಬೀಳ್ತೈತಿ."

"ಗಾಳಿಗೂ ನಿಮ್ಮ ಮನಿ ಮ್ಯಾಲೇ ಪ್ರೀತಿ ನೋಡು."

ಭಾನುವಾರ ಬೆಳಿಗ್ಗೆ ರಾಧಿಕಾ ಕಾರ್ನೆಟ್ ತೆಗೆದುಕೊಂಡು ಹೊರಟ ಮೇಲೆ ತಿರುಪತಮ್ಮ ಅಂಗಳ ಸಾರಿಸಿದಳು. ಟ್ರಂಕಿನಿಂದ ಸಾಯಣ್ಣನ ಬ್ಯಾಂಡಿನ ಕೋಟು ತೆಗೆದಳು. ಕೆಂಪು ಬಟ್ಟೆ, ಭುಜದ ಮೇಲೆ ಬಂಗಾರದ ಬಣ್ಣದ ಪಟ್ಟಿ, ಪಟ್ಟಿಯ ದಾರ ಅಲ್ಲಲ್ಲಿ ಎದ್ದಿತ್ತು. ಅದನ್ನು ಬಾಗಿಲಿಗೆ ಎದುರಾಗಿರುವ ಗೋಡೆಯ ಗೂಟಕ್ಕೆ ತೂಗುಹಾಕಿದಳು. ಮೆರವಣಿಗೆ ಹೋಗುವಾಗ ಅವಳು ಹೊಸ್ತಿಲಲ್ಲಿ ನಿಲ್ಲುವಂತಿರಲಿಲ್ಲ. ಬಾಗಿಲನ್ನು ಅರ್ಧ ತೆರೆದಿಟ್ಟು, ಅದರ ಹಿಂದೆ ಚಾಪೆ ಹಾಸಿಕೊಂಡು ಕೂತಳು. ರಾಟೆ ಮುಟ್ಟಲಿಲ್ಲ.

ಬಾಜಾ ಮೊದಲು ಅಂಗಡಿ ಬೀದಿಯ ಕಡೆಯಿಂದ ಕೇಳಿಸಿತು. ಆಮೇಲೆ ಬಸ್ ನಿಲ್ದಾಣದ ಕಡೆಗೆ ಹೋಗಿ ಸಣ್ಣದಾಯಿತು. ಮತ್ತೆ ದೊಡ್ಡದಾಗುತ್ತ ಅವರ ಬೀದಿಯ ಮೂಲೆ ತಿರುಗಿತು. ಅಷ್ಟೊಂದು ಬಾಜಾ ಒಟ್ಟಿಗೆ ಅವಳು ಎಂದೂ ಕೇಳಿರಲಿಲ್ಲ. ಡೋಲಿನ ಪೆಟ್ಟಿಗೆ ಅಟ್ಟದ ಮೇಲಿನ ಪಾತ್ರೆಗಳು ಸಣ್ಣಗೆ ಗುಂಯ್ ಎಂದವು. ಎಲ್ಲದರ ಮೇಲೆ ತೆಳ್ಳಗೆ ಒಂದು ಕಾರ್ನೆಟ್. ಅದು ಮಗಳದು. ಅಲ್ಲಲ್ಲಿ ಉಸಿರು ಸಾಲುತ್ತಿರಲಿಲ್ಲ, ಆದರೂ ಬಿಡುತ್ತಿರಲಿಲ್ಲ. ತಿರುಪತಮ್ಮ ಸೆರಗನ್ನು ತಲೆಗೆ ಸರಿಯಾಗಿ ಎಳೆದುಕೊಂಡಳು. ಮೆರವಣಿಗೆ ಬೀದಿಯ ನಡುವಿನ ಬೇವಿನ ಮರದ ಹತ್ತಿರ ಬಂತು. ಈಗ ಇನ್ನು ಕೆಲವೇ ಮನೆ.

ಬಾಜಾ ನಿಂತಿತು.

ಹಾಡು ಬದಲಾಯಿಸುತ್ತಾರೆ ಎಂದುಕೊಂಡಳು. ಬದಲಾಯಿಸುವಾಗ ಡೋಲಿನವನು ಎರಡು ಸಲ ಕೋಲು ತಟ್ಟುತ್ತಾನೆ ಎಂದು ಸಾಯಣ್ಣ ಹೇಳಿದ್ದ. ತಟ್ಟಲಿಲ್ಲ. ಬರೀ ಕಾಲುಗಳು ಬಂದವು. ಬಹಳ ಕಾಲುಗಳು, ಚಪ್ಪಲಿಯವು, ಬೂಟಿನವು. ಡೋಲಿನ ಪಟ್ಟಿ ಕಿರಕಿರ ಎನ್ನುತ್ತಿತ್ತು. ಯಾರೋ ಕೆಮ್ಮಿ, ಕೆಮ್ಮನ್ನು ನುಂಗಿಕೊಂಡರು. "ಯಾಕ ನಿಂತ್ತು?" ಎಂದು ಒಂದು ಮಗು ಕೇಳಿತು. "ಶ್, ಸಾಯಣ್ಣನ ಮನಿ" ಎಂದು ಹೆಂಗಸೊಬ್ಬಳು ಹೇಳಿದಳು. ಬಾಗಿಲ ಸಂದಿಯಲ್ಲಿ ಕೆಂಪು ಕೋಟುಗಳು ಒಂದರ ಹಿಂದೆ ಒಂದು ಹೋದವು. ಎಲ್ಲರೂ ಟೋಪಿ ತೆಗೆದಿದ್ದರು, ವಾದ್ಯಗಳ ಬಾಯಿ ನೆಲಕ್ಕೆ ತಿರುಗಿಸಿದ್ದರು. ರಾಧಿಕಾ ತಲೆ ತಗ್ಗಿಸಿಕೊಂಡು ಹೋದಳು. ಕೊನೆಗೆ ಕೈಗಾಡಿಯ ಗಾಲಿ. ಅದೂ ಮೂಲೆ ತಿರುಗಿತು. ಸ್ವಲ್ಪ ಹೊತ್ತಾದ ಮೇಲೆ ಆಚೆಯ ಬೀದಿಯಲ್ಲಿ ಮೆರವಣಿಗೆಯ ಹಾಡು ಮತ್ತೆ ಎದ್ದಿತು.

ತಿರುಪತಮ್ಮ ಚಾಪೆಯ ಮೇಲೆ ಕೂತೇ ಇದ್ದಳು.

ಇದು ಯಾರೂ ಮರೆತು ಮಾಡಿದ್ದಲ್ಲ. ಸಾವಾದ ಮನೆಯ ಮುಂದೆ ಮುಂದಿನ ಯುಗಾದಿಯವರೆಗೆ ಬಾಜಾ ಬಾಯಿ ಮುಚ್ಚಿಕೊಂಡು ಹೋಗಬೇಕು ಎಂಬ ಪದ್ಧತಿಯನ್ನು ಸಾಯಣ್ಣನೇ ಬಿಗಿಯಾಗಿ ಹಿಡಿದಿದ್ದ. ಒಮ್ಮೆ ನಾರಾಯಣಪೇಟೆಯಲ್ಲಿ ಮದುವೆಯ ಮೆರವಣಿಗೆ ನಿಲ್ಲಿಸಿದ್ದಕ್ಕೆ ವರನ ಅಪ್ಪ ಬಾಯಿಗೆ ಬಂದಂತೆ ಬೈದರೂ ಅವನು ಊದಿರಲಿಲ್ಲ. ಎಲ್ಲಿ ಸಾವಾಗಿದೆ ಎಂಬುದು ಶಾಮಿಯಾನ ಕಳಿಸುವವನಿಗೆ ಗೊತ್ತಿರುತ್ತದೆ. ಹಾಗಾಗಿ ಹಬ್ಬದಲ್ಲಿ ಕರಿಬಸಯ್ಯ ಮುಂದೆ ನಡೆಯುತ್ತ, ಅಂಥ ಮನೆ ಬಂದಾಗ ಟವಾಲು ಎತ್ತುತ್ತಿದ್ದ. ಎತ್ತಲು ಕಲಿಸಿದವನೂ ಸಾಯಣ್ಣನೇ. ಈ ಸಲ ತಮ್ಮ ಬ್ಯಾಂಡ್ ಮಾಸ್ತರ ಸಾಯಣ್ಣನ ಮನೆಯ ಮುಂದೆ ಟೋಪಿಯನ್ನೂ ತೆಗೆಯಬೇಕೆಂದು ಸುರೇಂದರ್ ಎಲ್ಲ ಬ್ಯಾಂಡಿನವರಿಗೂ ಹೇಳಿದ್ದ. ಅವರಿಗೆ ಗೊತ್ತಿದ್ದ ಅತಿ ದೊಡ್ಡ ಮರ್ಯಾದೆ ಅದು. ಆ ಬೀದಿಯ ಸಾಗನಂಪನ್ನೂ ಬಿಟ್ಟುಬಿಟ್ಟರು.

ಮಧ್ಯಾಹ್ನ ಕೆರೆಯ ಹತ್ತಿರ ಮೊದಲ ಪಂಕ್ತಿ ಕೂತಿತು. ಮುತ್ತುಗದ ಎಲೆಗಳ ಮೇಲೆ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ತುದಿಯಲ್ಲಿ ಒಂದು ಎಲೆಯನ್ನು ಸಾಯಣ್ಣನಿಗೆಂದು ಇಟ್ಟಿದ್ದರು. ಆ ಎಲೆಗೆ ಮೊದಲು ಬಡಿಸಿ, ಗುರಮ್ಮ ಅದನ್ನು ಸ್ಟೀಲ್ ಡಬ್ಬಿಗೆ ತುಂಬಿಕೊಂಡಳು. ಎರಡನೆಯ ಪಂಕ್ತಿ ಎದ್ದು, ದೂರದ ಬ್ಯಾಂಡುಗಳು ಬಸ್ಸಿಗೆ ಹೊರಟ ಮೇಲೆ ಅವಳು ತಿರುಪತಮ್ಮನ ಮನೆಗೆ ನಡೆದಳು.

ಬಾಗಿಲು ಇನ್ನೂ ಅರ್ಧವೇ ತೆರೆದಿತ್ತು. ಒಳಗೆ ಒಲೆ ಹೊತ್ತಿರಲಿಲ್ಲ. ಗುರಮ್ಮ ಮೊದಲು ನೋಡಿದ್ದು ಕೋಟನ್ನು.

"ಇದನ್ನ ಯಾಕ ತೆಗದಿ ತಿರುಪತಿ?"

"ಅಂವ ಕೇಳಲಿ ಅಂತ."

"ಏನು ಕೇಳಲಿ ಅಂತ?"

ಗುರಮ್ಮ ಡಬ್ಬಿಯನ್ನು ನೆಲಕ್ಕಿಟ್ಟು ಅವಳ ಪಕ್ಕದಲ್ಲಿ ಕೂತಳು. ಬಹಳ ಮನೆಗಳ ಚಪ್ಪರದ ಕೆಳಗೆ ಬಹಳ ಹೆಂಗಸರ ಪಕ್ಕದಲ್ಲಿ ಕೂತವಳು ಅವಳು. ಯಾವಾಗ ಕೇಳಬೇಕು, ಯಾವಾಗ ಸುಮ್ಮನಿರಬೇಕು ಎಂಬುದು ಗೊತ್ತಿತ್ತು.

"ಅವತ್ತು ನಾನ ಬ್ಯಾಡ ಅಂದೆ ಅಕ್ಕ" ಎಂದಳು ತಿರುಪತಮ್ಮ ಕೊನೆಗೆ. "ಗದ್ವಾಲದಿಂದ ಕರಿಯಾಕ ಬ್ಯಾಡ ಅಂದೆ. ಮೂಗಾಗಿ ಹೋದ. ಬಾಯಿ ಮುಚ್ಚೋದು ಮದುವಿ ಬಾಜಾಕ್ಕಷ್ಟೇ, ಇವತ್ತು ಹಬ್ಬದಾಗ ಆಗ್ತೈತಿ ಅಂದ್ಕೊಂಡಿದ್ದೆ. ತುದಿ ಮನಿ ಐತಲ್ಲ, ಇಲ್ಲೇ ನಿಂತು ಊದ್ತಾರ. ಒಂದು ಸಲ ಬಾಗಲಾಗ ಆದ್ರ ಸಾಕಿತ್ತು."

"ಅಯ್ಯೋ ನನ್ನವ್ವ! ಒಂದು ಮಾತು ನನಗರ ಹೇಳಬಾರದಿತ್ತಾ?"

"ಎಲಿ ಅಡಿಕಿ ಕೊಡೋ ಕೈ ಏನಕ್ಕ ಇದು?" ಅವಳು ಬರಿದಾದ ಕೈ ನೋಡಿಕೊಂಡಳು. "ಅವರದು ತಪ್ಪಿಲ್ಲ. ಅಂವ ಇದ್ದಿದ್ರ ಅಂವನೂ ಹಿಂಗ ಮಾಡ್ತಿದ್ದ. ಬದುಕಿದಷ್ಟು ದಿನ ಈ ಬಾಗಲಾಗ ಬಾಜಾ ಬ್ಯಾಡ ಅಂದ. ಹ್ವಾದ ಮ್ಯಾಲೂ ಬಾಜಾ ಇಲ್ಲಿಗೆ ಬಂದು ಬಾಯಿ ಮುಚ್ಚಿತು. ನನ್ನ ಬಾಗಲದ್ದೇ ಹಣೇಬರ ಅದು."

ಗುರಮ್ಮ ಎದ್ದಳು. ಮಂಡಿ ನೋವಿನ ಹೆಂಗಸು, ಆದರೂ ಕೆರೆಯವರೆಗೆ ನಿಲ್ಲದೆ ನಡೆದಳು. ಜಮಖಾನೆ ಮಡಿಸುತ್ತಿದ್ದ ಗಂಡನಿಗೂ ಸುರೇಂದರನಿಗೂ ರಾಧಿಕಾಗೂ ಎಲ್ಲವನ್ನೂ ಹೇಳಿದಳು. ಕರಿಬಸಯ್ಯ ಹೆಗಲ ಮೇಲಿನ ಟವಾಲನ್ನು ತೆಗೆದು ಕೈಯಲ್ಲಿ ಹಿಡಿದು ನಿಂತುಬಿಟ್ಟ. ರಾಧಿಕಾ ಅಳಲು ಶುರು ಮಾಡಿದಳು. ಸುರೇಂದರ್ ತುಟಿ ಮುಟ್ಟಿ ನೋಡಿಕೊಂಡ. ಬೆಳಿಗ್ಗೆಯಿಂದ ಊದಿ ಊದಿ ಅದು ಒಡೆದಿತ್ತು.

"ನಡೀರಿ ಅಯ್ಯನೋರೆ" ಎಂದ ಅವನು. "ಈಗಲೇ ಹೋಗಿ ಊದ್ತೀವಿ. ತುಟಿ ಹರಿದ್ರ ಹರೀಲಿ. ಮದುವಿ ಸೀಜನ್ನಿಗೆ ಇನ್ನ ಟೈಮ್ ಐತಿ, ಅಷ್ಟರಾಗ ಹೊಸಾ ತುಟಿ ಬರ್ತೈತಿ."

ಉಳಿದಿದ್ದ ಮಕ್ತಲಿನ ಬಾಜಾದವರೆಲ್ಲ ಬಂದರು. ಬೀದಿಯ ತುದಿಗೆ ಬಂದಾಗ ಕರಿಬಸಯ್ಯ ಇದ್ದಕ್ಕಿದ್ದಂತೆ ನಿಂತ. ಎದುರು ಬುಚ್ಚಮ್ಮನ ಮನೆಯ ಮುಂದೆ ಮಧ್ಯಾಹ್ನ ತಾನೇ ಕಳಿಸಿದ್ದ ಶಾಮಿಯಾನ ಎದ್ದಿತ್ತು. ಕುರ್ಚಿಗಳಲ್ಲಿ ನೆಂಟರು. ಒಳಗೆ ಹೊಸ ತೊಟ್ಟಿಲಿಗೆ ಹೂ ಕಟ್ಟುತ್ತಿದ್ದರು. ಬುಚ್ಚಮ್ಮ ಕೆಂಪು ಕೋಟುಗಳನ್ನು ಕಂಡು ಹೊರಗೆ ಬಂದಳು.

"ಬಂದ್ರೇನಪ್ಪ! ಮುಂಜಾನಿ ನಮ್ಮ ಕೂಸಿಗೆ ಮೂಗಬಾಜಾ ಕೇಳಿಸಿ ಹೋದ್ರಿ. ಈಗರ ಏನರ ಊದ್ರಿ."

ಸುರೇಂದರ್ ಕರಿಬಸಯ್ಯನ ಮುಖ ನೋಡಿದ. ಹಬ್ಬದ ಮೆರವಣಿಗೆಯಲ್ಲಿ ಊದಿದರೆ ಅದು ಬೀದಿಗೆಲ್ಲ ಸೇರಿದ್ದು. ಸಂಜೆ ಹೊತ್ತು, ಒಂದೇ ಮನೆಯ ಮುಂದೆ, ಅದೂ ಸಾವಾದ ಮನೆಯ ಮುಂದೆ ನಿಂತು ಊದಿದ ಸಾಗನಂಪಿಗೆ ಒಂದೇ ಅರ್ಥ. ಹೆಸರಿಡುವ ದಿನ ಬಾಣಂತಿಯ ಕಿವಿಗೆ ಅದು ಬೀಳಬಾರದು.

ಬಾಗಿಲ ಹಿಂದಿನಿಂದ ತಿರುಪತಮ್ಮನೇ ಮಾತಾಡಿದಳು.

"ಸುರೇಂದರ್, ಬ್ಯಾಡಪ್ಪ."

"ವದಿನಾ, ನಮ್ಮದು ತಪ್ಪಾತು. ನಮಗ ತಿಳೀಲಿಲ್ಲ." ಅತ್ತಿಗೆಯೆಂಬ ಅರ್ಥದ ಆ ತೆಲುಗು ಮಾತಿನಿಂದಲೇ ಸುರೇಂದರ್ ಅವಳನ್ನು ಕರೆಯುತ್ತಿದ್ದ.

"ತಪ್ಪೇನಿಲ್ಲ. ತೊಟ್ಲ ಕೂಸಿನ ಮುಂದ ಸಾಗನಂಪು ಬ್ಯಾಡ. ಏರಿಗೆ ಹೋಗ್ರಿ. ಅಂವ ನಿಂತು ಊದ್ತಿದ್ನಲ್ಲ, ಅಲ್ಲಿ ನಿಂತು ಊದ್ರಿ. ಅಲ್ಲಿಂದ ನನಗ ಕೇಳಿಸ್ತೈತಿ. ಯಾವಾಗ್ಲೂ ಅಲ್ಲಿಂದಾನೇ ಕೇಳೀನಿ ನಾನು."

"ಖರೇನಾ?"

"ಖರೇ. ಹೊತ್ತು ಮುಳುಗೋದ್ರಾಗ ಹೋಗ್ರಿ."

"ನೀ ಇಲ್ಲೇ ಇರು, ಆಕಿ ಒಬ್ಬಾಕೀನ ಬ್ಯಾಡ" ಎಂದು ಕರಿಬಸಯ್ಯ ಹೆಂಡತಿಗೆ ಹೇಳಿದ. ರಾಧಿಕಾ ಅಮ್ಮನ ಕಡೆಗೊಮ್ಮೆ ನೋಡಿ ಅವರ ಹಿಂದೆ ಓಡಿದಳು.

ಇಬ್ಬರೂ ಹಿತ್ತಿಲ ಬಾಗಿಲು ತೆರೆದು ಕೂತರು. ಕೆರೆ ಆ ಕಡೆಗಿತ್ತು. ದೂರದಲ್ಲಿ ಏರಿಯ ಮೇಲೆ ಚಿಕ್ಕದಾಗಿ ಕೆಂಪು ಕೋಟುಗಳು ಕಾಣಿಸಿದವು. ಸೂರ್ಯ ಏರಿಯ ಆಚೆ ಇಳಿಯುತ್ತಿದ್ದ. ಗಾಳಿ ಇವರ ಬೆನ್ನಿನಿಂದ ಬಂದು ಕೆರೆಯ ಕಡೆಗೆ ಹೋಗುತ್ತಿತ್ತು. ಗುರಮ್ಮ ಅದನ್ನು ಸೆರಗಿನಿಂದಲೇ ತಿಳಿದುಕೊಂಡಳು, ಹೇಳಲಿಲ್ಲ.

ಆಗ ಎದುರು ಮನೆಯಲ್ಲಿ ಡಬ್ಬಿ ಶುರುವಾಯಿತು. ಬುಚ್ಚಮ್ಮನ ಅಳಿಯ ಊರಿಂದ ಆಟೋದಲ್ಲಿ ಹಾಕಿಕೊಂಡು ಬಂದಿದ್ದ ಡಿಜೆ ಡಬ್ಬಿ. ಅಟ್ಟದ ಪಾತ್ರೆಗಳು ಮತ್ತೆ ಗುಂಯ್ ಎಂದವು, ಬೆಳಿಗ್ಗೆಗಿಂತ ಜೋರಾಗಿ. ಹಿತ್ತಿಲ ಗೋಡೆಗೆ ಕೈಯಿಟ್ಟರೆ ಅದುರುವುದು ತಿಳಿಯುತ್ತಿತ್ತು.

"ಸುಡುಗಾಡು ಡಬ್ಬಿ!" ಎಂದು ಗುರಮ್ಮ ಎದ್ದಳು. "ಬಂದ್ ಮಾಡಿಸಿ ಬರ್ತೀನಿ ತಡಿ. ಆ ಬುಚ್ಚಮ್ಮ ನನ್ನ ಮಾತು ಮೀರಂಗಿಲ್ಲ."

ತಿರುಪತಮ್ಮ ಅವಳ ಸೆರಗು ಹಿಡಿದಳು.

"ಬ್ಯಾಡಕ್ಕ. ಕೂಸಿಗೆ ಹೆಸರಿಡೋ ಹೊತ್ತು. ಅವರ ಮನಿ ಯಾಕ ಮೂಗ ಮಾಡೋದು?"

"ಎಲ್ಲಾರ ಮನೀದೂ ನೀನ ನೋಡು! ನಿನ್ನ ಮನೀದು ಯಾರು ನೋಡ್ತಾರ?"

"ಕುಂದ್ರು ಅಕ್ಕ."

ಗುರಮ್ಮ ಕೂತಳು. ಏರಿಯ ಮೇಲೆ ಕೋಟುಗಳು ಸಾಲಾಗಿ ನಿಂತವು. ಇಳಿಬಿಸಿಲಿಗೆ ಹಿತ್ತಾಳೆ ಒಮ್ಮೆ ಹೊಳೆಯಿತು. ಸುರೇಂದರ್ ಟ್ರಂಪೆಟ್ ಎತ್ತಿದನೆಂದು ಗೊತ್ತಾಯಿತು. ಡೋಲಿನವನ ಕೈ ಮೇಲಕ್ಕೂ ಕೆಳಕ್ಕೂ ನಿಧಾನವಾಗಿ ಆಡಿತು. ತಿರುಪತಮ್ಮ ಕಣ್ಣು ಮುಚ್ಚಿ ಆ ಕಡೆಗೆ ಕಿವಿಯೊಡ್ಡಿದಳು. ಗುರಮ್ಮನೂ ಉಸಿರು ಹಿಡಿದು ಕೇಳಿದಳು. ಡಬ್ಬಿಯ ದಬದಬ ಬಿಟ್ಟು ಬೇರೆ ಏನೂ ಇರಲಿಲ್ಲ. ಹಾಡುಗಳ ನಡುವೆ ಡಬ್ಬಿ ಒಂದು ಕ್ಷಣ ನಿಂತಾಗ ಕಾಗೆಗಳು ಕೂಗಿದ್ದು ಕೇಳಿಸಿತು, ಅಷ್ಟೇ.

ಆಮೇಲೆ ಏರಿಯ ಮೇಲೆ ಎಲ್ಲರೂ ವಾದ್ಯ ಇಳಿಸಿದರು. ಒಬ್ಬಳು ಮಾತ್ರ ಮುಂದೆ ಬಂದು ನಿಂತಳು. ಸ್ವಲ್ಪ ಹೊತ್ತು ಅವಳ ಮುಖದ ಮುಂದೆ ಹಿತ್ತಾಳೆ ಹೊಳೆಯುತ್ತಿತ್ತು. ಸೂರ್ಯ ಇಳಿದ ಮೇಲೆ ಅದೂ ಕಾಣಲಿಲ್ಲ.

ತಿರುಪತಮ್ಮ ಕಣ್ಣು ತೆರೆದಳು. ಗುರಮ್ಮ ಅವಳ ಮುಖ ನೋಡಲಿಲ್ಲ.

ಅವರು ಮರಳಿ ಬರುವ ಹೊತ್ತಿಗೆ ಎದುರು ಮನೆಯಲ್ಲಿ ಊಟಕ್ಕೆ ಕೂತಿದ್ದರು. ಡಬ್ಬಿ ನಿಂತಿತ್ತು. ಬೀದಿ ತಣ್ಣಗಿತ್ತು. ಸುರೇಂದರನ ಕರವಸ್ತ್ರದಲ್ಲಿ ರಕ್ತದ ಕಲೆಯಿತ್ತು. ಅವನು ಹೊಸ್ತಿಲ ಹೊರಗೇ ನಿಂತು ಕೇಳಿದ.

"ಕೇಳಿಸ್ತೇನು ವದಿನಾ?"

"ಕೇಳಿಸ್ತಪ್ಪ."

"ಪೂರಾ?"

"ಪೂರಾ ಕೇಳಿಸ್ತು. ಚಲೋ ಊದಿದ್ರಿ. ಅಂವ ಇದ್ದಿದ್ರ ಸುರೇಂದರ್ ಕಲತ ಅಂತಿದ್ದ."

ಸುರೇಂದರ್ ಮುಖ ತಿರುಗಿಸಿ ಕರವಸ್ತ್ರದಿಂದ ಕಣ್ಣು ಒರೆಸಿಕೊಂಡ. ರಾಧಿಕಾ ಒಳಗೆ ಬಂದು ಅಮ್ಮನ ಮುಂದೆ ಕುಕ್ಕರಿಸಿದಳು.

"ಕೊನೀಗೆ ನಾ ಒಬ್ಬಾಕೀನ ಊದಿದೆ ಅವ್ವ. ನನಗ ಸಾಗನಂಪು ಬರಂಗಿಲ್ಲಲ್ಲ. ಅಪ್ಪ ಮುಂಜಾನಿ ಮೊದಲು ಊದ್ತಿದ್ನಲ್ಲ, ಉದ್ದಕ, ಬರೀ ಒಂದ ಸ್ವರ, ಅದನ್ನ ಊದಿದೆ. ಅದು ಕೇಳಿಸ್ತಾ?"

ತಿರುಪತಮ್ಮ ಮಗಳ ಕೆನ್ನೆ ಸವರಿದಳು. ತುಟಿಯ ಸುತ್ತ ವಾದ್ಯದ ಬಾಯಿ ಒತ್ತಿದ ಗುರುತು ದುಂಡಗೆ ಕೆಂಪಾಗಿತ್ತು. ಸಾಯಣ್ಣನಿಗೂ ಬೆಳಿಗ್ಗೆ ಮನೆಗೆ ಬಂದಾಗ ಹೀಗೇ ಇರುತ್ತಿತ್ತು.

"ಅದ ಎಲ್ಲಾಕ್ಕಿಂತ ಚಂದ ಕೇಳಿಸ್ತು" ಎಂದಳು.

ಕರಿಬಸಯ್ಯ ಹೆಂಡತಿಯ ಕಡೆಗೆ ನೋಡಿದ. "ನಿನಗೂ ಕೇಳಿಸ್ತೇನು?"

"ಕೇಳಿಸದ ಏನು, ನನಗೇನು ಕಿವುಡಾ?" ಎಂದು ಗುರಮ್ಮ ಊಟದ ಡಬ್ಬಿಯ ಮುಚ್ಚಳ ತೆಗೆದಳು. ರೊಟ್ಟಿ ತಣ್ಣಗಾಗಿ ಬಿರುಸಾಗಿತ್ತು. ಅದನ್ನು ಮುರಿದು, ಪಲ್ಯದಲ್ಲಿ ಒತ್ತಿ ಮೆತ್ತಗೆ ಮಾಡಿ, ತಿರುಪತಮ್ಮನ ಕೈಗೆ ಕೊಟ್ಟಳು. "ಇನ್ನರ ಉಣ್ಣು. ಮುಂಜಾನಿಂದ ಹಸದೀಯ."

ತಿರುಪತಮ್ಮ ಉಂಡಳು. ಎಲ್ಲರೂ ನೋಡುತ್ತಿದ್ದರು, ಅದಕ್ಕೇ ಒಂದು ತುತ್ತೂ ಬಿಡದೆ ಉಂಡಳು. ಆಮೇಲೆ ಕೈ ತೊಳೆದುಕೊಂಡು ಬಂದು ಗೂಟದಿಂದ ಕೋಟನ್ನು ಇಳಿಸಿದಳು. ತೋಳುಗಳನ್ನು ಒಳಗೆ ಮಡಚಿ, ಭುಜದ ಪಟ್ಟಿಯ ಎದ್ದಿದ್ದ ದಾರವನ್ನು ಬೆರಳಿಂದ ಒತ್ತಿ, ಟ್ರಂಕಿನ ಅಡಿಯಲ್ಲಿಟ್ಟು ಮುಚ್ಚಿದಳು.